ಹೆಬ್ಬೆರಳು ಗಾಳಿಯನ್ನು ಒತ್ತಿತು

ಸಂಜೆ ಐದು ಗಂಟೆ ನಲವತ್ತೆರಡು ನಿಮಿಷ. ಸಮಯ ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ನನ್ನ ಶಿಸ್ತು ಕಾರಣವಲ್ಲ. ಆರು ಗಂಟೆಗೆ ನಾನೊಂದು ಯುದ್ಧಕ್ಕೆ ಹೋಗಬೇಕಿತ್ತು. ಗಿರಿನಗರದ ಸಂಜು ಎಂಬ ಮೆಡಿಕಲ್ ರೆಪ್, ಅವನ ಇಬ್ಬರು ಸ್ನೇಹಿತರು ಮತ್ತು ನಾನು, ನಾಲ್ವರೂ ಅವರವರ ಮನೆಯಲ್ಲಿ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಕೂತು, ಟೀವಿ ಪರದೆಯ ಮೇಲಿನ ಒಂದು ದ್ವೀಪಕ್ಕೆ ಇಳಿದು, ಕಂಡವರನ್ನೆಲ್ಲ ಗುಂಡಿಕ್ಕಿ ಕೊಲ್ಲುವ ಕಾರ್ಯಕ್ರಮ. ಜಯನಗರದ ಕಚೇರಿಯಿಂದ ಬರುವುದು ತಡವಾಯಿತಲ್ಲ ಎಂದು ಬೀದಿಯ ತಿರುವಿನಲ್ಲಿ ನಿಂತು ಗಡಿಯಾರ ನೋಡಿದೆ. ನೋಡಿ ತಲೆ ಎತ್ತಿದಾಗ ಮೇಲ್ಗಡೆ ನಿಂತಿದ್ದ ನೀರಿನ ಟ್ಯಾಂಕರ್ ಹೊರಟಿತ್ತು. ಅದರೊಳಗೆ ಡ್ರೈವರ್ ಇರಲಿಲ್ಲ.

ಕುಮಾರಸ್ವಾಮಿ ಲೇಔಟಿನಲ್ಲಿ ಸಮತಟ್ಟಾದ ಜಾಗ ಎಲ್ಲಾದರೂ ಸಿಕ್ಕಿದರೆ ಅದು ಯಾರದೋ ಮನೆಯ ಟೆರೇಸಾಗಿರುತ್ತದೆ. ನಮ್ಮ ಬೀದಿಯಂತೂ ಜಾರುಬಂಡೆ. ಇಲ್ಲಿ ಗಾಡಿ ನಿಲ್ಲಿಸುವವರು ಹ್ಯಾಂಡ್‌ಬ್ರೇಕನ್ನು ದೇವರನ್ನು ನಂಬುವಷ್ಟೇ ನಂಬುತ್ತಾರೆ. ಅಂದರೆ ಪೂರ್ತಿ ನಂಬಿಕೆಯಿದೆ ಎನ್ನುತ್ತಲೇ ಚಕ್ರಕ್ಕೊಂದು ಕಲ್ಲನ್ನೂ ಅಡ್ಡ ಕೊಡುತ್ತಾರೆ. ಆ ದಿನ ಅಡ್ಡ ಕೊಟ್ಟ ಕಲ್ಲು ಚಿಕ್ಕದಾಗಿತ್ತು. ಇದು ನನ್ನ ಊಹೆಯಲ್ಲ. "ಕಲ್ಲು ಚಿಕ್ಕದಾಗೋಯ್ತು ಮೇಡಂ" ಎಂದು ಆಮೇಲೆ ಡ್ರೈವರೇ, ಸಾರಿಗೆ ಉಪ್ಪು ಹೆಚ್ಚಾಯಿತು ಎನ್ನುವ ಧಾಟಿಯಲ್ಲಿ ಹೇಳಿದ. 

ಇಳಿಜಾರಿನ ಬುಡದಲ್ಲಿ ಗೌರಮ್ಮನ ಸೊಪ್ಪಿನ ಗಾಡಿ. ಅದರ ಮುಂದೆ, ಬರುತ್ತಿದ್ದ ಟ್ಯಾಂಕರಿಗೆ ಬೆನ್ನು ಹಾಕಿಕೊಂಡು, ನನ್ನ ಅತ್ತೆ ನಿಂತಿದ್ದರು. ಗೌರಮ್ಮ ಹರಿವೆ ಸೊಪ್ಪನ್ನು ಕಟ್ಟು ಕಟ್ಟುವಷ್ಟರಲ್ಲಿ ಮೊಬೈಲಿನಲ್ಲಿ ಮಿಠಾಯಿ ಜೋಡಿಸುವ ಆಟ ಆಡುತ್ತಿದ್ದರು. ನಾನು ರಸ್ತೆಯ ಈಚೆಗಿದ್ದೆ. ಕೂಗಿದರೆ ಕೇಳುವಷ್ಟು ಹತ್ತಿರ, ಓಡಿದರೆ ಮುಟ್ಟಲಾರದಷ್ಟು ದೂರ. ಹಾಗಾದರೆ ಕೂಗಬೇಕಿತ್ತು ಎನ್ನುತ್ತೀರಿ. ನಾನೂ ಅದನ್ನೇ ಹೇಳುತ್ತಿದ್ದೇನೆ. ನಾನು ಕೂಗಲಿಲ್ಲ. ನನ್ನ ಬಲಗೈ ಹೆಬ್ಬೆರಳು ಗಾಳಿಯನ್ನು ಒತ್ತಿತು. ಒಂದು ಸಲವಲ್ಲ, ಪಟಪಟನೆ ಹಲವು ಸಲ. ಆಟದ ಕಂಟ್ರೋಲರಿನಲ್ಲಿ ಜಿಗಿಯುವ ಗುಂಡಿ ಇರುವುದು ಅಲ್ಲಿ, ಬಲಗೈ ಹೆಬ್ಬೆರಳಿನ ಕೆಳಗೆ. ನಾನು ನನ್ನ ಅತ್ತೆಯನ್ನು ಗುಂಡಿ ಒತ್ತಿ ಜಿಗಿಸಲು ಹೊರಟಿದ್ದೆ.

ಅತ್ತೆಗೆ ಅರವತ್ತೊಂಬತ್ತು ವರ್ಷ. ಅವರು ಜಿಗಿಯಲಿಲ್ಲ. ಅವರು ಬದುಕಿದ್ದು ಒಂದು ಜಲ್ಲಿ ರಾಶಿಯಿಂದ. ಯಾವುದೋ ಚರಂಡಿ ಕಾಮಗಾರಿಗೆಂದು ತಂದು ಸುರಿದು, ಸುರಿದವರೇ ಮರೆತುಹೋಗಿದ್ದ ರಾಶಿ. ಅದನ್ನು ತೆಗೆಸಿ ಎಂದು ನಾನೇ ಎಷ್ಟೋ ಸಲ ದೂರು ಕೊಟ್ಟಿದ್ದೆ. ಟ್ಯಾಂಕರಿನ ಮುಂಚಕ್ರ ಆ ರಾಶಿಗೆ ಹತ್ತಿ, ಗುಡುಗಿನಂಥ ಸದ್ದು ಮಾಡಿ, ಗಾಡಿ ಒಂದು ಕಡೆ ವಾಲಿ ನಿಂತಿತು. ಹಿಂದಿನ ಪೈಪು ಕಿತ್ತುಬಂದು ನೀರು ಬೀದಿ ತುಂಬ ಹರಿಯಿತು. ಅತ್ತೆ ಮೊಬೈಲಿನಿಂದ ಕಣ್ಣು ತೆಗೆಯದೆ ಸೀರೆಯನ್ನು ಸ್ವಲ್ಪ ಮೇಲೆತ್ತಿಕೊಂಡು, "ಯಾರಪ್ಪಾ ನೀರು ಬಿಟ್ಟಿದ್ದು?" ಎಂದರು.

ಇಷ್ಟೇ ನಡೆದದ್ದು. ಎಲ್ಲರೂ ಹೇಳುವ ಹಾಗೆ, ಏನೂ ಆಗಲಿಲ್ಲ. ನನ್ನ ಗಂಡ ರಘು ಹೇಳಿದ್ದೂ ಅದನ್ನೇ: "ಏನೂ ಆಗ್ಲಿಲ್ಲ ತಾನೆ ಶುಭಾ? ಮುಗೀತಲ್ಲ, ಬಿಡು." ಅತ್ತೆ ಆ ರಾತ್ರಿ ಎಂದಿನಂತೆ ಮೊಸರನ್ನ ತಿಂದು ಎಂದಿನಂತೆ ಮಲಗಿದರು. ನನಗೆ ಮಾತ್ರ ನಿದ್ದೆ ಹೊರಟುಹೋಯಿತು. ಕಣ್ಣು ಮುಚ್ಚಿದರೆ ಟ್ಯಾಂಕರ್ ಹೊರಡುತ್ತದೆ, ಹೆಬ್ಬೆರಳು ಒತ್ತುತ್ತದೆ, ಎಚ್ಚರವಾಗುತ್ತದೆ. ನಿದ್ದೆಗೆ ನಾನು ಎರಡು ಮದ್ದು ಕಂಡುಕೊಂಡೆ. ಒಂದು, ಅತ್ತೆ ಒಬ್ಬರೇ ಮನೆಯಿಂದ ಹೊರಗೆ ಕಾಲಿಡುವುದನ್ನು ನಿಲ್ಲಿಸಿದ್ದು. ಇನ್ನೊಂದು, ವೀಡಿಯೋ ಗೇಮುಗಳ ಮೇಲೆ ಸಿಟ್ಟು ಮಾಡಿಕೊಂಡದ್ದು. ಎರಡೂ ಫಲಿಸಲಿಲ್ಲ. ಆದರೆ ಎರಡನೆಯದು ಮಾಡುವಾಗ ತುಂಬ ಹಿತವಾಗಿತ್ತು, ಅದಕ್ಕೇ ಈ ಬರಹ.

ನಾನು ಹೊಟ್ಟೆಪಾಡಿಗೆ ಶಾಲಾ ಪುಸ್ತಕಗಳ ಕರಡು ತಿದ್ದುವವಳು. ಬೇರೆಯವರ ತಪ್ಪು ಹುಡುಕುವುದು ನನ್ನ ಉದ್ಯೋಗ. ಆದ್ದರಿಂದ ಹೆಬ್ಬೆರಳಿನ ತಪ್ಪಿಗೆ ಯಾರು ಹೊಣೆ ಎಂದು ಹುಡುಕುತ್ತ ಮೂಲಕ್ಕೇ ಹೋದೆ. ಮೂಲದಲ್ಲಿ ಸಿಕ್ಕಿದ್ದು ನನಗೆ ಎಂಟು ವರ್ಷವಾಗಿದ್ದಾಗ ಅಪ್ಪ ತಂದ ಟೀವಿ ಗೇಮು. ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ ಸಿಕ್ಕಿಸಿದರೆ ಓಡುತ್ತಿತ್ತು, ಊದದಿದ್ದರೆ ಮುನಿಸಿಕೊಳ್ಳುತ್ತಿತ್ತು. ಅದರಲ್ಲೊಬ್ಬ ಕುಳ್ಳ ಎಡದಿಂದ ಬಲಕ್ಕೆ ಓಡುತ್ತಿದ್ದ. ಹಳ್ಳ ಬಂದರೆ ಜಿಗಿಯಬೇಕು, ಆಮೆ ಬಂದರೆ ಜಿಗಿಯಬೇಕು, ಗೋಡೆ ಬಂದರೂ ಜಿಗಿಯಬೇಕು. ಎಷ್ಟೇ ಕಷ್ಟ ಬಂದರೂ ಅದಕ್ಕೆ ಒಂದೇ ಪರಿಹಾರ, ಮತ್ತು ಆ ಪರಿಹಾರ ನನ್ನ ಹೆಬ್ಬೆರಳಿನ ಕೆಳಗಿತ್ತು. ಹಳ್ಳಕ್ಕೆ ಬಿದ್ದರೆ ಚಿಂತೆಯಿಲ್ಲ, ಇನ್ನೂ ಎರಡು ಜೀವ ಇರುತ್ತಿದ್ದವು. ಆ ಎರಡು ಜೀವ ಎಲ್ಲಿಂದ ಬಂದವು, ಯಾರವು, ಯಾಕೆ ಕೊಟ್ಟರು ಎಂದು ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಮಗುವಿನ ಕೈಗೆ ಮೂರು ಜೀವ ಕೊಟ್ಟು ಕೂರಿಸುವುದಕ್ಕಿಂತ ದೊಡ್ಡ ಸುಳ್ಳು ಇನ್ನೊಂದಿದೆಯೇ? ದೇವರು ಕಣ್ಣು ಕೀಳುತ್ತಾನೆ ಎಂದು ಹೆದರಿಸುತ್ತಿದ್ದ ನಮ್ಮಜ್ಜಿ ಇದಕ್ಕಿಂತ ಪ್ರಾಮಾಣಿಕಳು. ಕಣ್ಣು ಎರಡೇ ಇವೆ ಎಂಬುದಾದರೂ ಅದರಿಂದ ಗೊತ್ತಾಗುತ್ತಿತ್ತು.

ಗೇಮ್ ಆಡಿದರೆ ಕೈಚುರುಕು, ಬುದ್ಧಿಚುರುಕು ಬೆಳೆಯುತ್ತದೆ ಎಂದು ಹೇಳುವವರನ್ನು ಕೇಳಿದ್ದೇನೆ. ಮದುವೆಯಾದ ಮೇಲೂ ಆಡುತ್ತೀಯಲ್ಲ ಎಂದು ಆಡಿಕೊಂಡ ನೆಂಟರಿಷ್ಟರಿಗೆಲ್ಲ ನಾನೂ ಅದನ್ನೇ ಹೇಳಿ ಬಾಯಿ ಮುಚ್ಚಿಸಿದ್ದೇನೆ. ಈಗ ಸಾಕ್ಷಿ ಸಮೇತ ಹೇಳುತ್ತೇನೆ. ಚುರುಕು ಬೆಳೆದದ್ದು ನಿಜ. ಗಾಳಿಯನ್ನು ನಾನು ಒತ್ತಿದಷ್ಟು ಚುರುಕಾಗಿ ನಮ್ಮ ಬೀದಿಯಲ್ಲಿ ಇನ್ನಾರೂ ಒತ್ತಲಾರರು.

ಗುಂಡು ಹಾರಿಸುವ ಆಟಗಳ ಮಾತಿಗೆ ಬರೋಣ. ಇವು ಹಿಂಸೆ ಕಲಿಸುತ್ತವೆ ಎಂಬ ಹಳೆಯ ದೂರು ನನ್ನದಲ್ಲ. ಅವನ್ನು ಇಷ್ಟು ವರ್ಷ ಆಡಿಯೂ ನನಗೆ ಜಿರಳೆ ಹೊಡೆಯಲು ರಘುವೇ ಬೇಕು. ನನ್ನ ದೂರು ವಾಸಿಯಾಗುವ ಬಗೆಯ ಮೇಲೆ. ಮೈಗೆ ಏಳೆಂಟು ಗುಂಡು ಹೊಕ್ಕರೂ ಗೋಡೆಯ ಹಿಂದೆ ಸ್ವಲ್ಪ ಹೊತ್ತು ಸುಮ್ಮನೆ ಕೂತರೆ ಸಾಕು, ಪರದೆಯ ಅಂಚಿನ ಕೆಂಪು ಕರಗಿ, ಆರೋಗ್ಯದ ಪಟ್ಟಿ ಮತ್ತೆ ತುಂಬುತ್ತದೆ. ಟ್ಯಾಂಕರ್ ಘಟನೆಯಾಗಿ ನಾಲ್ಕೈದು ದಿನಗಳ ಮೇಲೆ ಮನಸ್ಸು ಹಗುರಾಗಲಿ ಎಂದು ದ್ವೀಪಕ್ಕೆ ಇಳಿದೆ. ಇಳಿದವಳು ಒಂದು ಪಾಳು ಮನೆಯ ಗೋಡೆಯ ಹಿಂದೆ ಕೂತೆ, ಏಳಲಿಲ್ಲ.

"ಅಕ್ಕಾ, ಎಲ್ಲಿದೀರಾ?" ಎಂದ ಸಂಜು, ಕಿವಿಯಲ್ಲಿ.

"ಗೋಡೆ ಹಿಂದೆ ಕಣೋ. ಹೆಲ್ತ್ ತುಂಬಲಿ ಅಂತ."

"ನಿಮ್ಮದು ಫುಲ್ ಇದೆ ಅಕ್ಕ, ನನಗೆ ಕಾಣ್ತಿದೆ. ನಿಮಗೆ ಒಂದು ಗುಂಡೂ ತಗುಲಿಲ್ಲ."

"ತುಂಬಿದ ಹಾಗೆ ಅನಿಸ್ತಾ ಇಲ್ಲ ಸಂಜು."

ಗುಂಡಿನ ಸದ್ದು ಜೋರಾಯಿತು. ಆಮೇಲೆ, "ಆಚೆ ಬನ್ನಿ ಗುರು, ಒಬ್ಬನೇ ಒದೆ ತಿಂತಾ ಇದೀನಿ" ಎಂದ. ಅಕ್ಕ ಎಂದು ಶುರುಮಾಡಿ ಗುರು ಎಂದು ಮುಗಿಸುವುದು ಅವನಿಗೆ ಪ್ರಾಣಭಯವಾದಾಗ ಮಾತ್ರ. ನಾನು ಹೋಗಲಿಲ್ಲ. ಅವನು ಸತ್ತ. ಸತ್ತವನು ಕೂಡಲೇ, "ಪರವಾಗಿಲ್ಲ ಬಿಡಿ ಅಕ್ಕ, ಇನ್ನೊಂದು ಆಟ ಹಾಕೋಣ" ಎಂದ. ನನಗೆ ಮೈ ಉರಿಯಿತು. ಯಾರ ಮೇಲೆ ಎಂದು ಹೇಳಲಾರೆ. ಸಂಜುವಿನ ಮೇಲಂತೂ ಅಲ್ಲ.

ರೇಸಿನ ಆಟ ಇನ್ನೂ ಮೋಸ. ಅಲ್ಲಿಯ ರಸ್ತೆಗಳನ್ನು ನೋಡಿದರೇ ಗೊತ್ತಾಗುತ್ತದೆ, ಅವನ್ನು ಬರೆದವನು ಬಿಟಿಎಂ ಲೇಔಟಿನಿಂದ ಸಿಲ್ಕ್ ಬೋರ್ಡಿಗೆ ಸಂಜೆ ಹೊತ್ತಿನಲ್ಲಿ ಒಮ್ಮೆಯೂ ಹೋದವನಲ್ಲ. ಹಂಪ್ ಇಲ್ಲ, ಅಗೆದ ಗುಂಡಿ ಇಲ್ಲ, ಎದುರಿನಿಂದ ತಪ್ಪು ದಿಕ್ಕಿನಲ್ಲಿ ಬಂದು ನಮಗೇ ಕಣ್ಣು ಬಿಡುವ ಸ್ಕೂಟರ್ ಇಲ್ಲ. ಅದೆಲ್ಲ ಹೋಗಲಿ. ಎರಡು ಕಾರು ಮುಖಾಮುಖಿ ಗುದ್ದಿದರೆ, ಎರಡು ಸಲ ಮಿನುಗಿ, ಮತ್ತೆ ರಸ್ತೆಯ ನಡುವೆ ನೆಟ್ಟಗೆ ಬಂದು ನಿಲ್ಲುತ್ತವೆ. ಮಿನುಗುವ ಹೊತ್ತಿನಲ್ಲಿ ಅವು ಎಲ್ಲಿ ಹೋಗಿರುತ್ತವೆ? ಗ್ಯಾರೇಜಿಗೋ, ಪೊಲೀಸ್ ಠಾಣೆಗೋ, ಜಯನಗರದ ಆಸ್ಪತ್ರೆಗೋ? ಮತ್ತೆ ಈ ಆಟಗಳ ತುಂಬ ಇಳಿಜಾರು. ಇಳಿಜಾರು ಇರುವುದೇ ವೇಗ ಹೆಚ್ಚಲಿ ಎಂದು. ನಾನು ಪರದೆಯ ಮೇಲಿನ ಒಂದು ಬೆಟ್ಟದ ನೆತ್ತಿಯಲ್ಲಿ ಕಾರು ನಿಲ್ಲಿಸಿ, ಕೆಳಗೆ ನೋಡಿ, ಇಳಿಯಲಾರದೆ ಕೂತೆ. ಹಿಂದೆ ಇದ್ದ ಏಳು ಕಾರುಗಳೂ ನನ್ನನ್ನು ದಾಟಿ ಹೋದವು, ಒಂದೂ ಹಾರನ್ ಮಾಡಲಿಲ್ಲ. ಅದೂ ಸುಳ್ಳೇ.

ಭಯದ ಆಟಗಳನ್ನು ಮಾಡುವವರಿಗೆ ಭಯವೆಂದರೆ ಏನೆಂದೇ ಗೊತ್ತಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಪಾಳುಬಿದ್ದ ಆಸ್ಪತ್ರೆ, ಮಿಣುಕುವ ದೀಪ, ಕಾರಿಡಾರಿನ ತುದಿಯಲ್ಲಿ ಕೂದಲು ಬಿಟ್ಟುಕೊಂಡ ಹೆಂಗಸು. ಅವಳು ಬರುವ ಮೊದಲೇ ಪಿಟೀಲು ಕೀರಲು ದನಿಯಲ್ಲಿ ಶುರುವಾಗಿ, ಬರುತ್ತಿದ್ದಾಳೆ, ಬರುತ್ತಿದ್ದಾಳೆ ಎಂದು ಡಂಗುರ ಸಾರುತ್ತದೆ. ಇಷ್ಟೊಂದು ಮುನ್ಸೂಚನೆ ಕೊಟ್ಟು ಬರುವುದಕ್ಕೆ ನಮ್ಮಲ್ಲಿ ಅತಿಥಿ ಎನ್ನುತ್ತಾರೆ, ದೆವ್ವ ಎನ್ನುವುದಿಲ್ಲ. ನಿಜವಾದ ಭಯ ಸಂಜೆಯ ಹೊಂಬಿಸಿಲಿನಲ್ಲಿ ಬರುತ್ತದೆ. ಗಾಡಿಯ ಮೇಲಿನ ಸಬ್ಬಸಿಗೆ ಸೊಪ್ಪು ಘಮಘಮಿಸುತ್ತಿರುತ್ತದೆ. ಅದರ ಹಿನ್ನೆಲೆ ಸಂಗೀತವನ್ನು ನಾನು ಕೇಳಿದ್ದೇನೆ. ಯಾರದೋ ಮನೆಯಲ್ಲಿ ಕುಕ್ಕರ್ ಕೂಗಿತು. ಅದಷ್ಟೇ. ಈಗ ಕುಕ್ಕರ್ ಕೂಗಿದರೆ ನಾನು ಬಾಲ್ಕನಿಗೆ ಓಡಿ ಬೀದಿ ನೋಡುತ್ತೇನೆ. ಕುಕ್ಕರ್ ಕೂಗದ ಮನೆ ಬೆಂಗಳೂರಿನಲ್ಲಿ ಎಲ್ಲಿದೆ ಹೇಳಿ.

ಆದರೆ ನನ್ನ ಅತಿ ದೊಡ್ಡ ಸಿಟ್ಟು ಆ ದೊಡ್ಡ ಊರಿನ ಆಟಗಳ ಮೇಲೆ. ಇಡೀ ಪಟ್ಟಣವನ್ನೇ ಕಟ್ಟಿ ನಮ್ಮ ಕೈಗೆ ಕೊಡುತ್ತಾರೆ. ಯಾರ ಕಾರನ್ನಾದರೂ ಕಿತ್ತುಕೊಂಡು ಎಲ್ಲಿಗಾದರೂ ಹೋಗಬಹುದು. ಆ ಪಟ್ಟಣದ ಫುಟ್‌ಪಾತಿನಲ್ಲಿ ಜನ ಓಡಾಡುತ್ತಿರುತ್ತಾರೆ. ಟೋಪಿಯವನು, ನಾಯಿ ಹಿಡಿದವಳು, ಚೀಲ ಹಿಡಿದ ಮುದುಕಿ. ಅವರಿಗೆ ಮನೆ ಇಲ್ಲ, ಕೆಲಸ ಇಲ್ಲ, ಹೋಗಬೇಕಾದ ಊರಿಲ್ಲ. ಬೀದಿಯ ಆ ತುದಿಗೆ ಹೋಗಿ ಈ ತುದಿಗೆ ಬರುತ್ತಾರೆ. ಆಟಗಾರ ಅಡ್ಡಾದಿಡ್ಡಿ ಕಾರು ಓಡಿಸಿದಾಗ ಹಾರಿಬೀಳುವುದಕ್ಕೆ ಯಾರಾದರೂ ಇರಲಿ ಎಂದು ಅವರನ್ನು ಸೃಷ್ಟಿಸಿದ್ದಾರೆ. ಕಾರಿನ ಬಣ್ಣಕ್ಕೆ, ಬಂದೂಕಿನ ಸ್ಕ್ರೂವಿಗೆ ವರ್ಷಗಟ್ಟಲೆ ತಲೆಕೆಡಿಸಿಕೊಂಡ ಮಹಾನುಭಾವರು ಆ ಮುದುಕಿಯ ಚೀಲದಲ್ಲಿ ಏನಿದೆ ಎಂದು ಯೋಚಿಸಲಿಲ್ಲ. ನನಗೆ ಗೊತ್ತು ಏನಿರುತ್ತದೆ ಎಂದು. ಹರಿವೆ ಎರಡು ಕಟ್ಟು, ಕೊಸರಿಗೆ ಇಸಿದುಕೊಂಡ ಕರಿಬೇವು, ಒಂದು ಹೋಳು ತೆಂಗಿನಕಾಯಿ, ಮಗನಿಗೆ ಗೊತ್ತಾಗದಂತೆ ತಿನ್ನಲು ಒಂದು ಪೊಟ್ಟಣ ಖಾರದ ಕಡಲೆಬೀಜ. ಇಷ್ಟನ್ನು ಬರೆಯಲು ಬಾರದವರು ಪಟ್ಟಣ ಕಟ್ಟಬಾರದು.

ಇನ್ನು ಬೇಸಾಯದ ಆಟ. ನೆಮ್ಮದಿ ಕೊಡುತ್ತದೆ, ನಿದ್ದೆ ಬರಿಸುತ್ತದೆ ಎಂದು ಕಚೇರಿಯ ಗೆಳತಿ ಹೇಳಿದ್ದಕ್ಕೆ ಹಾಕಿಕೊಂಡೆ. ಒಂದು ಭಾನುವಾರ ಟೊಮ್ಯಾಟೊ ಸಸಿ ನೆಡುತ್ತಿರುವಾಗ ಮನೆ ಮಾಲೀಕರಾದ ನಂಜಪ್ಪ ಅಂಕಲ್ ಸೋರುವ ನಲ್ಲಿ ನೋಡಲೆಂದು ಮೇಲೆ ಬಂದರು. ಈ ಲೇಔಟ್ ಆಗುವ ಮೊದಲು ಇಲ್ಲಿ ಉಳುತ್ತಿದ್ದ ಮನೆತನದವರು ಅವರು. ನಮ್ಮ ಹಾಲ್ ಇರುವ ಜಾಗದಲ್ಲಿ ಅವರಪ್ಪ ರಾಗಿ ಬಿತ್ತುತ್ತಿದ್ದರಂತೆ. ಟೀವಿಯ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತರು.

"ಏನಮ್ಮ ಇದು, ಹೊಲವಾ?"

"ಹೂಂ ಅಂಕಲ್. ಟೊಮ್ಯಾಟೊ ಹಾಕಿದೀನಿ."

"ಎಷ್ಟು ದಿನಕ್ಕೆ ಬತ್ತದೆ?"

"ನಾಲ್ಕು ದಿನ ಸಾಕು."

"ನೀರು?"

"ಪಕ್ಕದಲ್ಲೇ ಕೆರೆ ಇದೆ. ಬತ್ತೋದೇ ಇಲ್ಲ."

ಅವರು ತುಂಬ ಹೊತ್ತು ನೋಡಿದರು. ಹೊಲದ ಬದುವನ್ನು, ಬೇಲಿಯನ್ನು, ಕೆರೆಯ ಕೋಡಿಯನ್ನು ಕಣ್ಣಲ್ಲೇ ಅಳೆದರು. ಆಮೇಲೆ, "ಇದನ್ನ ಲೇಔಟ್ ಯಾವಾಗ ಮಾಡ್ತಾರೆ?" ಎಂದರು.

"ಮಾಡಲ್ಲ ಅಂಕಲ್. ಯಾವಾಗಲೂ ಹೊಲವೇ."

"ಹಂಗಾದ್ರೆ ಸುಳ್ಳು ಆಟ, ಬಿಡಮ್ಮ" ಎಂದು ನಲ್ಲಿಯ ಕಡೆ ಹೋದರು. ವೀಡಿಯೋ ಗೇಮುಗಳ ಬಗ್ಗೆ ನಾನು ಓದಿದ ವಿಮರ್ಶೆಗಳಲ್ಲೆಲ್ಲ ಇಷ್ಟು ಚಿಕ್ಕದೂ ಇಷ್ಟು ಸಮರ್ಪಕವೂ ಆದದ್ದು ಇನ್ನೊಂದಿಲ್ಲ.

ಕ್ರಿಕೆಟ್ಟಿನ ಆಟವನ್ನು ನಾನು ಹೆಚ್ಚು ಬೈಯಲಾರೆ. ಅದರಲ್ಲಿ ಯಾರಿಗೂ ಜೀವಭಯವಿಲ್ಲ. ಆದರೆ ರೀಪ್ಲೇ ಎಂಬ ಪೀಡೆಯನ್ನು ನನಗೆ ಅಂಟಿಸಿದ್ದು ಅದೇ. ಔಟಾದ ಚೆಂಡನ್ನು ಮುಂದಿನಿಂದ, ಹಿಂದಿನಿಂದ, ನೆತ್ತಿಯ ಮೇಲಿನಿಂದ, ನಿಧಾನವಾಗಿ, ಇನ್ನೂ ನಿಧಾನವಾಗಿ ತೋರಿಸುತ್ತಾರೆ. ನನ್ನ ತಲೆಯೊಳಗೂ ಹಾಗೆಯೇ ಆಯಿತು. ಟ್ಯಾಂಕರ್ ಒಂದು ಸಲ ಎದುರಿನಿಂದ ಬರುತ್ತದೆ, ಇನ್ನೊಂದು ಸಲ ಗೌರಮ್ಮನ ಗಾಡಿಯ ಕಡೆಯಿಂದ ಕಾಣುತ್ತದೆ, ಮತ್ತೊಂದು ಸಲ ಚಕ್ರಕ್ಕೆ ಕೊಟ್ಟ ಕಲ್ಲು ಮಾತ್ರ, ಪರದೆ ತುಂಬ, ಜರುಗುತ್ತ ಜರುಗುತ್ತ. ಯಾವ ಕೋನದಿಂದ ನೋಡಿದರೂ ಅತ್ತೆ ತಿರುಗುವುದಿಲ್ಲ. ಇಷ್ಟರ ಮೇಲೆ ಇನ್ನೊಂದು ವಿಪರೀತ ನಡೆಯಿತು. ನನ್ನ ದೂರುಗಳಿಗೆ ಕೊನೆಗೂ ಫಲ ಸಿಕ್ಕಿ, ಒಂದು ಬೆಳಿಗ್ಗೆ ಲಾರಿ ಬಂದು ಆ ಜಲ್ಲಿ ರಾಶಿಯನ್ನು ಗುಡಿಸಿ ಒಯ್ದಿತು. ಸಮಸ್ಯೆ ಬಗೆಹರಿದಿದೆ ಎಂದು ಮೊಬೈಲಿಗೆ ಸಂದೇಶವೂ ಬಂತು. ಅಂದಿನಿಂದ ನನ್ನ ರೀಪ್ಲೇಯಲ್ಲಿ ಟ್ಯಾಂಕರನ್ನು ತಡೆಯಲು ಏನೂ ಇಲ್ಲದಂತಾಯಿತು.

ಕರಡು ತಿದ್ದುವವಳ ಒಂದು ಚಟ ಹೇಳಿಬಿಡುತ್ತೇನೆ. ಮನಸ್ಸು ಕೆಟ್ಟಾಗ ನಾನು ಪದಗಳನ್ನು ಬಿಡಿಸುತ್ತ ಕೂರುತ್ತೇನೆ. ಹಾಗೆ ಬಿಡಿಸುವಾಗ ಹೊಳೆಯಿತು, ಈ ಆಟದ ಕಂಪನಿಗಳು ಗುಂಡಿನ ಆಟ, ಓಟದ ಆಟ, ಭಯದ ಆಟ ಎಂದು ವಿಂಗಡಿಸುವ ಎಷ್ಟೋ ಮೊದಲೇ ಕನ್ನಡ ವಿಂಗಡಿಸಿ ಇಟ್ಟಿದೆ. ಹೊಡೆದಾಟ, ಕಿತ್ತಾಟ, ಪರದಾಟ, ಒದ್ದಾಟ, ಹುಡುಗಾಟ, ಜೂಜಾಟ, ಹುಡುಕಾಟ. ನಾವು ಬರೀ ಉಸಿರೆಳೆದು ಬಿಟ್ಟರೂ ಅದು ಉಸಿರಾಟ. ಯಾವುದನ್ನೂ ಆಟದಿಂದ ಹೊರಗಿಟ್ಟಿಲ್ಲ ನಮ್ಮ ಭಾಷೆ. ಮನೆಯಿಂದ ಹೊರಟು ಮೂಲೆಯ ಗಾಡಿಯಲ್ಲಿ ಸೊಪ್ಪು ಕೊಂಡು ಬರುವುದಕ್ಕೂ ಓಡಾಟ ಎಂದೇ ಹೆಸರು. ಈ ಪದದ ಹತ್ತಿರ ಬಂದಾಗ ನಾನು ಪಟ್ಟಿಯನ್ನು ಅಲ್ಲಿಗೇ ಬಿಟ್ಟೆ. ಅಷ್ಟು ಹೊತ್ತಿಗೆ ಮನೆಯಲ್ಲಿ ಆ ಓಡಾಟದ ಮೇಲೇ ಜಗಳ ಶುರುವಾಗಿತ್ತು.

ಮೊದಮೊದಲು ಅತ್ತೆ ಸಹಿಸಿಕೊಂಡರು. ನಾನು ಕಚೇರಿಯಿಂದ ಬರುವತನಕ ಕಾದು, ನನ್ನ ಜೊತೆ ಸೊಪ್ಪಿನ ಗಾಡಿಗೆ ಬರುತ್ತಿದ್ದರು. ನಾನು ಅವರ ಮೊಳಕೈ ಹಿಡಿದಿರುತ್ತಿದ್ದೆ. ಹಿಡಿದಿದ್ದೆ ಎನ್ನುವುದಕ್ಕಿಂತ ಅಮುಕಿದ್ದೆ ಎನ್ನಬೇಕು, ಬೆರಳಿನ ಗುರುತು ಬೀಳುವ ಹಾಗೆ. ಒಂದು ಸಂಜೆ ಗೌರಮ್ಮ, "ಸೊಸೆ ಅಂದ್ರೆ ಹಿಂಗಿರ್ಬೇಕು ನೋಡಿ, ಎಷ್ಟು ಜೋಪಾನ" ಎಂದಳು.

"ಜೋಪಾನ ಅಲ್ಲ ಗೌರಮ್ಮ, ಜೈಲು" ಎಂದರು ಅತ್ತೆ. "ಸೊಪ್ಪು ಕೊಳ್ಳೋಕೆ ಪೆರೋಲ್ ಮೇಲೆ ಬಂದಿದೀನಿ."

ಮಾರನೆಯ ದಿನದಿಂದ ಆ ಪೆರೋಲನ್ನೂ ರದ್ದು ಮಾಡಿ, ಫೋನಿನಲ್ಲೇ ಸೊಪ್ಪು ತರಿಸಿದೆ. ಬಾಗಿಲಿಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಂತು. ಅತ್ತೆ ಡಬ್ಬಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಒಂದು ಚೂರೂ ಮಣ್ಣಿಲ್ವಲ್ಲೇ. ಎಲ್ಲಿ ಬೆಳೀತು ಇದು, ನಿನ್ನ ಟೀವೀಲಾ?"

ನಾನು ನಗಲಿಲ್ಲ. ನಿದ್ದೆಗೆಟ್ಟವರಿಗೆ ಹಾಸ್ಯ ಬೈಗುಳದ ಹಾಗೆ ಕೇಳಿಸುತ್ತದೆ. "ಅತ್ತೆ, ಅವತ್ತು ಏನಾಗ್ತಿತ್ತು ಅಂತ ಗೊತ್ತಾ ನಿಮಗೆ? ನೀವು ತಿರುಗೇ ನೋಡ್ಲಿಲ್ಲ" ಎಂದೆ. ದನಿ ಏರಿತ್ತು. ರಘು ಒಳಗಿನಿಂದ, "ಏನೂ ಆಗ್ಲಿಲ್ವಲ್ಲ" ಎಂದ. ಅತ್ತೆ, "ನೀನು ಸುಮ್ನಿರೋ" ಎಂದು ಅವನನ್ನು ಅಲ್ಲೇ ಅಡಗಿಸಿ, ಡಬ್ಬಿಯನ್ನು ಮೇಜಿನ ಮೇಲಿಟ್ಟು ನನ್ನ ಎದುರು ಕೂತರು.

"ಕೇಳಿಲ್ಲಿ. ಚಿಕ್ಕೋರಿದ್ದಾಗ ಬಸವನಗುಡೀಲಿ ನಾವೆಲ್ಲ ಮುಟ್ಟಾಟ ಆಡ್ತಿದ್ವಿ. ಯಾರದಾದ್ರೂ ತಂಗಿನೋ ತಮ್ಮನೋ ನಾನೂ ಬರ್ತೀನಿ ಅಂತ ಅತ್ರೆ ಸೇರಿಸ್ಕೊಳ್ತಿದ್ವಿ. ಅದು ನಮ್ಮ ಜೊತೆ ಓಡ್ತಿತ್ತು, ಕೂಗ್ತಿತ್ತು, ಬಚ್ಚಿಟ್ಕೊಳ್ತಿತ್ತು. ಯಾರೂ ಅದನ್ನ ಮುಟ್ಟೋಕೆ ಹೋಗ್ತಿರ್ಲಿಲ್ಲ. ಮುಟ್ಟಿದ್ರೂ ಔಟಿಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ."

"ಸರಿ. ಅದಕ್ಕೂ ಇದಕ್ಕೂ ಏನು?"

"ಆ ಮಗುಗೆ ಒಂದಿನ ಗೊತ್ತಾಗತ್ತೆ ಕಣೇ, ತನ್ನನ್ನ ಯಾರೂ ಹಿಡೀತಿಲ್ಲ ಅಂತ. ಗೊತ್ತಾದ ದಿನ ಆಟ ಬಿಟ್ಟು ಹೋಗಿ ಜಗಲಿ ಮೇಲೆ ಕೂತ್ಕೊಳತ್ತೆ. ಎಷ್ಟು ಕರೆದ್ರೂ ಬರಲ್ಲ. ನೀನು ನನ್ನನ್ನ ಆ ಮಗು ಮಾಡಿದೀಯ. ನನಗೆ ಟ್ಯಾಂಕರ್ ಬಂದಿದ್ದು ಕಾಣ್ಲಿಲ್ಲ, ನಿಜ. ಆದ್ರೆ ಬಂದಿದ್ದು ನನ್ನ ಹಿಂದೆ, ನಿನ್ನ ಹಿಂದಲ್ಲ. ನಾನು ಮಲಗ್ತಾ ಇದೀನಿ. ನೀನು ಯಾಕೆ ಮಲಗ್ತಾ ಇಲ್ಲ?"

 ಅಷ್ಟು ದಿನ ನಾನು ಆಟಗಳ ಮೇಲೆ ಹೊರಿಸುತ್ತಿದ್ದ ಆರೋಪವೆಲ್ಲ ಇದೇ ತಾನೆ? ಅಲ್ಲಿ ಸಾವು ಲೆಕ್ಕಕ್ಕಿಲ್ಲ, ಗಾಯ ಲೆಕ್ಕಕ್ಕಿಲ್ಲ, ಚೀಲ ಹಿಡಿದ ಮುದುಕಿ ಲೆಕ್ಕಕ್ಕೇ ಇಲ್ಲ ಎಂದು. ಅದೇ ಮುದುಕಿಯನ್ನು ನಾನು ಬಾಗಿಲು ಹಾಕಿ ಕೂರಿಸಿ, ಹೋಗಬೇಕಾದ ಜಾಗವೇ ಇಲ್ಲದವರನ್ನಾಗಿ ಮಾಡಿದ್ದೆ. ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ. ಮೇಲಾಗಿ ಅದನ್ನು ಪ್ರೀತಿ ಎಂದು ಕರೆದಿದ್ದೆ. ಆಟದ ಕಂಪನಿಯವರು ಕನಿಷ್ಠ ಆ ಮಾತನ್ನು ಹೇಳುವುದಿಲ್ಲ. ಈ ಒಂದು ವಿಷಯದಲ್ಲಿ ಅವರು ನನಗಿಂತ ಮೇಲು ಎಂದು ಬರೆಯಲು ನನಗೆ ಬಹಳ ಸಂಕಟವಾಗುತ್ತದೆ.

ಮಂಗಳವಾರ ಸಂಜೆ ಅತ್ತೆ ಬಟ್ಟೆಯ ಚೀಲ ಹಿಡಿದು ಹೊರಟರು. ನಾನು ಏಳಲಿಲ್ಲ. ಏಳದಿರಲು ಸೋಫಾದ ಕೈಯನ್ನು ಹಿಡಿದುಕೊಳ್ಳಬೇಕಾಯಿತು. ಅತ್ತೆ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು, ಮತ್ತೆ ಬಿಟ್ಟು, ಒಳಗೆ ಬಂದು ತಮ್ಮ ಮೊಬೈಲನ್ನು ನನ್ನ ಮಡಿಲಿಗೆ ಹಾಕಿದರು.

"ಇದ್ದರೆ ನೀನು ಹೆಜ್ಜೆಗೊಂದು ಸಲ ಫೋನ್ ಮಾಡ್ತೀಯ. ಇಲ್ಲೇ ಇರಲಿ. ಜೀವ ತುಂಬಿರತ್ತೆ, ಬೇಕಾದ್ರೆ ಆಡು."

ಜೀವ ಎಂದದ್ದು ಮಿಠಾಯಿ ಆಟದ ಜೀವ. ಅದರಲ್ಲಿ ಐದು ಜೀವ ಕೊಡುತ್ತಾರೆ, ಸೋತರೆ ಒಂದೊಂದೇ ಹೋಗುತ್ತದೆ, ಹೋದ ಜೀವ ಮತ್ತೆ ಬರಲು ಅರ್ಧ ಗಂಟೆ ಕಾಯಬೇಕು. ಈ ಜಾತಿಯ ಆಟಗಳನ್ನು ನಾನು ಆಟವೆಂದೇ ಒಪ್ಪಿದವಳಲ್ಲ. ಕೆಂಪು ಕೆಂಪಿನ ಪಕ್ಕ, ಹಸಿರು ಹಸಿರಿನ ಪಕ್ಕ, ಇದನ್ನು ನಮ್ಮಲ್ಲಿ ಹೂವಾಡಗಿತ್ತಿಯರು ಮಾತಾಡಿಕೊಂಡೇ ಮಾಡುತ್ತಾರೆ. ಆದರೆ ಆ ಸಂಜೆ ಬಾಲ್ಕನಿಗೆ ಹೋಗಿ ಬಗ್ಗಿ ನೋಡದಿರಲು ಕೈಗೊಂದು ಕೆಲಸ ಬೇಕಿತ್ತು. ಆಡಿದೆ. ಸೋತೆ. ಮತ್ತೆ ಆಡಿದೆ, ಮತ್ತೆ ಸೋತೆ. ಅತ್ತೆ ಇರುವ ಹಂತ ಯಾವ ಎತ್ತರದ್ದು ಎಂದರೆ, ಅಲ್ಲಿ ಮಿಠಾಯಿಗಳು ಸರಪಳಿ ಸುತ್ತಿಕೊಂಡು, ಮಂಜುಗಡ್ಡೆಯೊಳಗೆ ಹೆಪ್ಪುಗಟ್ಟಿ, ನನ್ನನ್ನು ಕಂಡು ನಗುತ್ತಿದ್ದವು. ದ್ವೀಪಗಳನ್ನೇ ಗೆದ್ದವಳು ನಾನು, ಎರಡು ಕಿತ್ತಳೆ ಬಣ್ಣದ ಮಿಠಾಯಿಯನ್ನು ಒಂದು ಮಾಡಲಾರದೆ ಹೋದೆ. ಬೀದಿಯಲ್ಲಿ ಏನೋ ಭಾರದ ಗಾಡಿ ಹೋದ ಸದ್ದಾಯಿತು. ಯಾವುದರ ಸದ್ದು ಎಂದು ಎದ್ದು ನೋಡಲಿಲ್ಲ. ಕೊನೆಯ ಜೀವವೂ ಹೋಯಿತು.

ಕತ್ತಲಾಗುವ ಹೊತ್ತಿಗೆ ಅತ್ತೆ ಬಂದರು. ಬೇಕೆಂದೇ ತಡ ಮಾಡಿದ್ದರು, ಮುಖ ನೋಡಿದರೇ ಗೊತ್ತಾಗುತ್ತಿತ್ತು. ಚೀಲವನ್ನು ಇಳಿಸಿ, ಮೊದಲು ಮೊಬೈಲ್ ತೆಗೆದುಕೊಂಡು ನೋಡಿದರು.

"ಐದೂ ಕಳೆದುಬಿಟ್ಯಾ?"

"ಹೂಂ."

"ಒಂದನ್ನಾದ್ರೂ ಉಳಿಸಬಾರದಿತ್ತಾ? ಇನ್ನು ನಾನು ಅರ್ಧ ಗಂಟೆ ಏನು ಮಾಡ್ಲಿ?" ಎಂದು ಗೊಣಗುತ್ತ ಸೊಪ್ಪು ಬಿಡಿಸಲು ಕೂತರು. ಬೇರಿನಲ್ಲಿ ಬೇಕಾದಷ್ಟು ಮಣ್ಣಿತ್ತು. ಸ್ವಲ್ಪ ಹೊತ್ತಿನ ಮೇಲೆ, ತಲೆ ಎತ್ತದೆ, ಏನೋ ಚಿಲ್ಲರೆ ವಿಷಯ ಹೇಳುವ ಹಾಗೆ ಹೇಳಿದರು: "ಮೇಲ್ಗಡೆ ಟ್ಯಾಂಕರ್ ನಿಂತಿತ್ತು. ಈ ಸಲ ದೊಡ್ಡ ಕಲ್ಲೇ ಕೊಟ್ಟಿದಾನೆ. ಕಾಲಲ್ಲಿ ಒದ್ದು ನೋಡ್ದೆ. ಅವನು, ಏನಜ್ಜಿ ಅಂದ. ಏನಿಲ್ಲಪ್ಪ, ನಿನ್ನ ಗಾಡಿಗೆ ನಮಸ್ಕಾರ ಮಾಡ್ದೆ ಅಂದೆ."

ನಾನು ಅವರ ಎದುರು ನೆಲದ ಮೇಲೆ ಕೂತು ಸೊಪ್ಪು ಬಿಡಿಸಿದೆ. ಊಟವಾಯಿತು. ದಿಂಬಿಗೆ ತಲೆ ಕೊಟ್ಟದ್ದು ನೆನಪಿದೆ.

ಕಣ್ಣು ಬಿಟ್ಟಾಗ ಬಿಸಿಲು ಗೋಡೆಯಿಂದ ಇಳಿದು ಮಂಚದ ಮೇಲೆ ಬಂದಿತ್ತು. ರಘು ಕೆಲಸಕ್ಕೆ ಹೋಗಿಯಾಗಿತ್ತು. ಗಾಬರಿಯಿಂದ ಎದ್ದು ಹೊರಗೆ ಬಂದು, "ಎಬ್ಬಿಸಬಾರದಿತ್ತಾ ಅತ್ತೆ? ಆಫೀಸಿಗೆ ಹೊತ್ತಾಯ್ತು" ಎಂದೆ.

"ನಿನ್ನ ಆಫೀಸಿನೋರು ಫೋನ್ ಮಾಡಿದ್ರು. ಇವತ್ತು ಬರಲ್ಲ ಅಂತ ನಾನೇ ಹೇಳ್ದೆ" ಎಂದರು ಅತ್ತೆ, ಕಾಫಿ ಲೋಟ ಮುಂದೆ ಇಡುತ್ತ. "ಏನು ಕಾಯಿಲೆ ಅಂತ ಕೇಳಿದ್ರು. ನಿದ್ದೆ ಅಂದೆ."

ಅದು ಬುಧವಾರ, ರಜೆಯ ದಿನವಲ್ಲ.